ಮೂಗಿನ ಕೆಳಗೊಂದು ಬೆರಳು

ನಿನ್ನೆ ಯಳಂದೂರು ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲೆಗೆ ಸುಣ್ಣ ಬಳಿದು, ಹೊಗೆಸೊಪ್ಪಿನ ಕಡ್ಡಿಪುಡಿ ಉದುರಿಸಿ ಬಾಯಿಗಿಟ್ಟುಕೊಂಡಳು. ಆ ವಾಸನೆಗೆ ನಾನು ಮುಖವನ್ನು ಕಿಟಕಿಯತ್ತ ತಿರುಗಿಸಿದೆ. ಹಿಂದೆಯೇ ಕಣ್ಣು ತುಂಬಿತು... ದೊಡ್ಡವ್ವನ ಬೆರಳಿನ ವಾಸನೆ ಅದು.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಹೊನ್ನೂರಿನಲ್ಲಿ ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ನನಗೆ ಚಿಕ್ಕಂದಿನಿಂದಲೇ ಅರೆತಲೆನೋವು. ಬಂತೆಂದರೆ ಬೆಳಕು ಬೇಡ, ಮಾತು ಬೇಡ, ಕಣ್ಣು ಮುಚ್ಚಿ ಬಿದ್ದುಕೊಂಡರೆ ಸಾಕು. ಅದೊಂದನ್ನೇ ದೊಡ್ಡವ್ವ ಮಾಡಗೊಡುತ್ತಿರಲಿಲ್ಲ.

ಅವಳ ಒಬ್ಬನೇ ಮಗನಿಗೆ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿತ್ತಂತೆ. ಅದು ತಿಳಿಯದೆ, ನಿದ್ದೆ ಬರುತ್ತದೆ ಅಂದವನಿಗೆ ಅವಳೇ ಚಾಪೆ ಹಾಸಿಕೊಟ್ಟಿದ್ದಳು. ಅವನು ಏಳಲಿಲ್ಲ. ಹಾವು ಕಚ್ಚಿದವರನ್ನು ಮಲಗಲು ಬಿಡಬಾರದು ಎನ್ನುವುದು ನಮ್ಮ ಕಡೆ ರೂಢಿ. ಆಮೇಲೆ ಅವಳ ಕಣ್ಣಿಗೆ, ವಾಂತಿ ಮಾಡಿಕೊಂಡು ತೂಕಡಿಸುವ ಮಗುವೆಲ್ಲ ಹಾವು ಕಚ್ಚಿದ ಮಗುವೇ.

ಒಂದು ದಿನ ಸ್ಕೂಲಿನಿಂದ ವಾಂತಿ ಮಾಡಿಕೊಂಡೇ ಬಂದೆ. ದೊಡ್ಡವ್ವ ಆಟೋದಲ್ಲಿ ಹಾಕಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ಕೆನ್ನೆ ತಟ್ಟುತ್ತಾ, "ಕಣ್ ಮುಚ್ಬ್ಯಾಡ ಕಣವ್ವಾ... ನಿಮ್ಮಪ್ಪನ್ ಎಸ್ರೇನೇಳು!" ಅನ್ನುವಳು. ಥೂ, ಅಪ್ಪನ ಹೆಸರು ಕಟ್ಟಿಕೊಂಡು ನನಗೇನು! ಎಮರ್ಜೆನ್ಸಿಯ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚಿತು. ಮಂಚದ ಒಂದು ಕಡೆ ಗೋಡೆ, ಇನ್ನೊಂದು ಕಡೆ ದೊಡ್ಡವ್ವ. ತಪ್ಪಿಸಿಕೊಂಡು ಓಡೋಣವೆಂದರೆ ನೋವು ತಲೆಯೊಳಗೇ ಇತ್ತು.

ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು, ಕತ್ತು ಬಗ್ಗಿಸಿ ನೋಡಿದರು, ಕಚ್ಚಿದ ಗುರುತು ಎಲ್ಲೂ ಇಲ್ಲ ಎಂದರು. ಇಂಜೆಕ್ಷನ್ ಕೊಟ್ಟು, ಲೈಟು ಆರಿಸಿದರು. "ಅರೆತಲೆನೋವು ಇದು. ಮಲಗ್ಲಿ ಬಿಡಮ್ಮ, ನಿದ್ದೆ ಬಂದ್ರೇನೇ ಬಿಡೋದು."

"ಮನಿಕಂಡ್ರೆ ಎದ್ದಾಳಾ ಸಾ?" ದೊಡ್ಡವ್ವ ಡಾಕ್ಟರ ಕೈ ಹಿಡಿದುಕೊಂಡಳು.

"ಏಳ್ತಾಳೆ."

ಅವಳು ಕೆನ್ನೆ ತಟ್ಟುವುದನ್ನು ನಿಲ್ಲಿಸಿದಳು. ಉಸಿರು ನೋಡಲು ನನ್ನ ಮೂಗಿನ ಕೆಳಗೆ ಬೆರಳಿಟ್ಟು ಕೂತಳು. ಆ ಕಡ್ಡಿಪುಡಿ ವಾಸನೆಯಲ್ಲೇ ಹೇಗೋ ನಿದ್ದೆ ಹತ್ತಿತು. ಎಚ್ಚರವಾದಾಗ ನೋವಿರಲಿಲ್ಲ, ಬೆರಳು ಅಲ್ಲೇ ಇತ್ತು. "ಎದ್ಯಾ ನನ್ನವ್ವಾ!" ಎಂದವಳೇ ಗೊಳೋ ಎಂದು ಅತ್ತಳು. ಮಗನಿಗೂ ಸೇರಿಸಿ ಅತ್ತಳೇನೋ ಎಂದು ಈಗ ಅನ್ನಿಸುತ್ತದೆ.

ಆಮೇಲೆ ನೋವು ಬಂದಾಗಲೆಲ್ಲ ಅವಳೇ ಕಿಟಕಿ ಮುಚ್ಚಿ, ಬೀದಿಯವರನ್ನು ಗದರಿಸಿ ಸುಮ್ಮನಿರಿಸಿ, ಬೆರಳಿಟ್ಟು ಕೂರುತ್ತಿದ್ದಳು. ವಾಸನೆ ಆಗಲ್ಲ, ತೆಗಿ ಎಂದರೆ ಕೇಳಬೇಕಲ್ಲ!

ಅವಳು ಹೋದ ಬೆಳಿಗ್ಗೆ, ಇನ್ನೂ ಎದ್ದಿಲ್ಲವಲ್ಲ ಎಂದು ಅವಳ ಮೂಗಿನ ಕೆಳಗೆ ಬೆರಳಿಟ್ಟವಳು ನಾನು...

ನಿನ್ನೆ ಬಸ್ಸಿಳಿಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿ ಮಲಗಿದೆ. ಕತ್ತಲಿತ್ತು, ಸದ್ದಿರಲಿಲ್ಲ, ಯಾವ ವಾಸನೆಯೂ ಇರಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ.