ಸವಣೂರಿಗೆ ಹೋದ ಜೋಡು

ನಲವತ್ತರ ದಶಕದ ಮೊದಲಲ್ಲಿ ನಾನು ಹಾನಗಲ್ಲಿನಲ್ಲಿ ಶಾಲಾಮಾಸ್ತರನಾಗಿದ್ದೆ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಎರಡು ಪಿಸ್ತೂಲುಗಳಿದ್ದವು. ಮದ್ದಿಗೆ ಬಡಿಯುವ ಕುದುರೆ ಒಂದಕ್ಕೆ ಬಲಮಗ್ಗುಲಿಗಿತ್ತು, ಇನ್ನೊಂದಕ್ಕೆ ಎಡಮಗ್ಗುಲಿಗೆ. ಎರಡು ಕೈಗೆ ಎರಡು ಎಂದು ಒಬ್ಬನೇ ಕಮ್ಮಾರ ಮಾಡಿದ್ದು. ನಳಿಗೆಯ ಮೇಲೆ ಬೆಳ್ಳಿಯಲ್ಲಿ ಕನ್ನಡದ ಒಂದು, ಎರಡು ಅಂಕಿಗಳನ್ನು ಕೂರಿಸಿದ್ದ. ಅಂಥ ಇನ್ನೊಂದು ಜೊತೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಮಹಾನವಮಿಗೆ ಅಪ್ಪ ಅವನ್ನು ಒರೆಸಿ, ಎಣ್ಣೆ ಹಚ್ಚಿ, ಪೂಜೆಗೆ ಇಡುತ್ತಿದ್ದ. ಮನೆಯಲ್ಲಿ ಅವಕ್ಕೆ 'ಜೋಡು' ಎಂದೇ ಹೆಸರು. ಕಾಲಿನ ಚಪ್ಪಲಿಗೂ ನಮ್ಮ ಕಡೆ ಅದೇ ಮಾತು.

ಅಪ್ಪನ ಕಣ್ಣು ಮಂದವಾದ ಮೇಲೆ ಲೈಸನ್ಸು ನನ್ನ ಹೆಸರಿಗಾಯಿತು. ಅದನ್ನು ಹೊಸದು ಮಾಡಿಸಲು ನಾನು ಒಂದು ದಿನವೂ ತಡ ಮಾಡಿದವನಲ್ಲ. ಸವಣೂರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಪಿಸ್ತೂಲುಗಳನ್ನು ಎರಡು ವರ್ಷದಿಂದ ಕೇಳುತ್ತಿದ್ದ. ಅಪ್ಪ ಒಪ್ಪಿರಲಿಲ್ಲ.

ಒಂದು ಚಳಿಗಾಲ ಅಪ್ಪ ಹಿರೇಕೆರೂರಿಗೆ, ಅಕ್ಕನ ಮನೆಗೆ ಹೋಗಿದ್ದ. ಅಲ್ಲಿಂದ ನನಗೊಂದು ಕಾರ್ಡು ಬರೆಸಿದ: 'ಸವಣೂರಿನವ ಬಂದರೆ ಹಳೆ ಜೋಡು ಕೊಟ್ಟುಬಿಡು.' ಮನಸ್ಸು ಬದಲಿಸಿದ್ದಾನೆ ಎಂದುಕೊಂಡೆ. ಹೇಳಿದ್ದನ್ನು ಮಾಡಬೇಕು, ಮರುಪ್ರಶ್ನೆ ಹಾಕಬಾರದು ಎಂದು ಬೆಳೆದವನು ನಾನು. ವ್ಯಾಪಾರಿ ಬಂದ. ಕಚೇರಿಯ ಕಾಗದಪತ್ರ ಮುಗಿಸಿ, ಪಿಸ್ತೂಲು ಕೊಟ್ಟು, ಹಣ ಎಣಿಸಿಕೊಂಡು, ರಸೀದಿ ಬರೆಸಿಕೊಂಡೆ.

ಮುಂದಿನ ಮಂಗಳವಾರ ಅಪ್ಪ ಮರಳಿ ಬಂದ.

"ಜೋಡು ಒಯ್ದನೇನು?"

"ಒಯ್ದಾನ. ರಸೀದಿ ಐತಿ."

"ಚಪ್ಪಲಿಗೆ ರಸೀದಿ ಯಾಕಲೇ?"

ಸವಣೂರಿನ ಚಪ್ಪಲಿ ಹೊಲಿಯುವವನಿಗೆ ಹೊಸ ಜೋಡು ಹೇಳಿದ್ದನಂತೆ. ಅಳತೆಗೆ ಹಳೆಯದು ಬೇಕಾಗಿತ್ತು. ಅಪ್ಪ ಪಿಸ್ತೂಲು ಇಡುತ್ತಿದ್ದ ಪೆಟ್ಟಿಗೆ ತೆರೆದು ನೋಡಿದ.

"ಲೇ ಮಾಸ್ತರ, ಕಾಲಿಂದು ಕೇಳಿದ್ರ ಕೈಯಾಂದು ಕೊಟ್ಟೀಯಲ್ಲೋ!"

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ನಗಲಿಲ್ಲ.

"ನಾಳೆ ಹೋಗಿ ತಗೊಂಡು ಬಾ."

"ನಾಳೆ ಸಾಲಿ ಐತಿ. ಶನಿವಾರ ಮಧ್ಯಾಹ್ನ ಹೋಗ್ತೇನಿ."

ವಾರದ ನಡುವೆ ರಜೆ ಕೇಳುವುದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಮತ್ತೆ ಒತ್ತಾಯಿಸಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೆ ಹೊರಟು, ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ.

"ಬರ್ರಿ ಮಾಸ್ತರ್ರ, ಕುಂದರ್ರಿ" ಎಂದ ವ್ಯಾಪಾರಿ. ಹಣ ಮುಂದಿಟ್ಟು ಆದದ್ದನ್ನು ಹೇಳಿದೆ. ಅವನಿಗೂ ಕೆಡುಕೆನಿಸಿತು.

"ಗುರುವಾರತನಕ ಇಲ್ಲೇ ಇದ್ದುವ್ರಿ. ಮುಂಬಯಿ ಗಿರಾಕಿ ಬಂದು ಒಂದು ಒಯ್ದ. ಎಡಗೈದು ಬ್ಯಾಡ ಅಂದ. ಅದನ್ನ ಬೆಳಗಾಂವಿಯವಗ ಕೊಟ್ಟೆ."

"ಜೋಡಿ ಒಡದ್ರೇನ್ರಿ?"

"ನೀವು ಬುಧವಾರ ಬಂದಿದ್ರ ಎರಡೂ ಕೊಡತಿದ್ದೆ."

ಮನೆಗೆ ಬಂದು, ಎರಡೂ ಮಾರಿಹೋದವು ಎಂದಷ್ಟೇ ಹೇಳಿದೆ. ಬುಧವಾರದ ಮಾತು ಎತ್ತಲಿಲ್ಲ.

"ತಪ್ಪು ನಂದ. ಚಪ್ಪಲಿ ಅಂತ ಬರಸಬೇಕಿತ್ತು" ಎಂದ ಅಪ್ಪ.

ಅಲ್ಲ ಎನ್ನುವ ಧೈರ್ಯ ನನಗಾಗಲಿಲ್ಲ. ಅವನು ಬದುಕಿರುವವರೆಗೂ ಆಗಲಿಲ್ಲ.