ಮೂರು ಮನೆಯ ಮಂಗಳಾರತಿ

ಇವತ್ತು ಮಧ್ಯಾಹ್ನ ಎದುರಿನ ಚಹಾದಂಗಡಿಯಲ್ಲಿ ಎಲ್ಲರೂ 'ಔಟ್' ಎಂದು ಕೂಗಿದಾಗ ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ನನ್ನ ಗಂಡ ರಿಮೋಟನ್ನು ಗಾದಿಯ ಮೇಲೆ ಎಸೆದರು. "ಅವ್ರು ಮೊದ್ಲೇ ಹೇಳಿಬಿಟ್ರಲ್ಲ, ಇನ್ನ ನಾ ಏನ್ ನೋಡ್ಲಿ ಇದ್ರಾಗ?" ಎಂದು ಗೊಣಗುತ್ತ ಎದ್ದು ಹೋದರು. ಪಾಪ ಅನಿಸುವ ಬದಲು ನನಗೆ ನಗು ಬಂತು. ನಿಮ್ಮ ಮನೆಯಲ್ಲೂ ಹೀಗೆ ಆಗಿರಬೇಕು. ಪಕ್ಕದ ಮನೆಯ ಚಪ್ಪಾಳೆ ಮೊದಲು, ನಮ್ಮ ಮನೆಯ ಸಿಕ್ಸರ್ ಆಮೇಲೆ. ಕ್ರಿಕೆಟ್ಟಿನಲ್ಲಿ ಇದರಿಂದ ಹೋಗುವುದು ಒಂದಿಷ್ಟು ಮಜಾ ಮಾತ್ರ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಇದೇ ತಡ ಅತ್ತೆಯ ಜೀವಕ್ಕೇ ಬಂದಿತ್ತು.

ನಮ್ಮದು ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಪೇಟೆ ಓಣಿಯ ಹಳೆಯ ಮನೆ. ನಾನು ಉದಗೀರದಿಂದ ಸೊಸೆಯಾಗಿ ಬಂದಾಗ ಮೂರೂ ಅಣ್ಣತಮ್ಮಂದಿರಿಗೆ ಒಂದೇ ಒಲೆ, ಒಂದೇ ದೇವರ ಕೋಣೆ. ನನ್ನವರು ನಡುವಿನವರು. ಭಾವನವರದು ಕಾಳಿನ ವ್ಯಾಪಾರ, ಮೈದುನ ರಾಜುವಿನದು ಬಟ್ಟೆಯಂಗಡಿ. ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡರೆ ಎಲ್ಲರೂ ಕೂಡಿ ಮಂಗಳಾರತಿ. ಭಾವ ಹಾಡು ಎತ್ತುತ್ತಿದ್ದರು, ರಾಜು ತಾಳ ಹಿಡಿಯುತ್ತಿದ್ದ. ಮಕ್ಕಳು ಕಲಿಯುವುದು ಮರಾಠಿ ಸಾಲೆಯಲ್ಲಿ, ಹಾಗಾಗಿ ಕನ್ನಡದ ಆ ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದವು. ಅತ್ತೆಯದು ಒಂದೇ ನೇಮ. ಮನೆಯಲ್ಲಿ ಮಂಗಳಾರತಿ ಮುಗಿಯುವವರೆಗೆ ತುತ್ತು ಎತ್ತುವುದಿಲ್ಲ.

ಆಮೇಲೆ ಮನೆ ಪಾಲಾಯಿತು. ಹೊಲ, ಅಂಗಡಿ ಎಲ್ಲ ಸರಾಗವಾಗಿ ಹಂಚಿಹೋದವು, ಜಗಳ ನಿಂತದ್ದು ದೇವರ ಕೋಣೆಯ ಮುಂದೆ. ಅದು ಹಿರಿಯನಿಗೆ ಸೇರಬೇಕು ಎಂದರು ಭಾವ. ದೇವರನ್ನೂ ಪಾಲು ಮಾಡುತ್ತೀರೇನು, ಎಲ್ಲರಿಗೂ ಇರಲಿ ಎಂದ ರಾಜು. ಕೊನೆಗೆ ಕೋಣೆ ಭಾವನ ಕಡೆ ಹೋಯಿತು. ರಾಜು ಆ ಹೊಸ್ತಿಲು ತುಳಿಯುವುದಿಲ್ಲ ಎಂದ, ತುಳಿಯಲಿಲ್ಲ. ಅಂಗಳದಲ್ಲಿ ಆಳೆತ್ತರದ ಎರಡು ಗೋಡೆ ಎದ್ದವು. ಅಣ್ಣತಮ್ಮ ಮಾತು ಬಿಟ್ಟರು. ಏನಾದರೂ ಹೇಳಬೇಕಿದ್ದರೆ ನಡುವಿನ ಮನೆಯ ನನ್ನ ಮುಂದೆ ಹೇಳುತ್ತಿದ್ದರು. ಅಂಚೆಯವನಿಗಾದರೂ ರವಿವಾರ ರಜೆ ಇರುತ್ತದೆ, ನನಗೆ ಅದೂ ಇರಲಿಲ್ಲ.

ಅದೇ ಹೊತ್ತಿಗೆ ಗಡಿಯಾಚೆಯ ನಮ್ಮ ಮಠದವರು ಸಂಜೆಯ ಪೂಜೆಯನ್ನು ಲೈವ್ ತೋರಿಸತೊಡಗಿದರು. ರಾಜುವಿಗೆ ಅಷ್ಟೇ ಸಾಕಿತ್ತು. ಹಳೆಯ ಟಿವಿಯ ಹಿಂದೆ ಬೆರಳುದ್ದದ 'ಸ್ಟಿಕ್' ಎಂಬ ಒಂದು ಕಡ್ಡಿ ಚುಚ್ಚಿ, ಮೂರೂ ಮನೆಗೆ ಇದ್ದ ಒಂದೇ ಲೈನಿನಿಂದ ಇಂಟರ್ನೆಟ್ ತರಿಸಿಕೊಂಡು, ನಮಗೆ ಯಾರ ದೇವರ ಕೋಣೆಯೂ ಬೇಡ ಎಂಬಂತೆ ಅದರ ಮುಂದೆ ಆರತಿ ಬೆಳಗಿದ. ಇದು ಕಿವಿಗೆ ಬಿದ್ದದ್ದೇ ತಡ, ಭಾವ ಗೋಡೆಯಷ್ಟು ಅಗಲದ ಹೊಸ ಟಿವಿ ತಂದು ದೇವರ ಕೋಣೆಯ ಎದುರಿಗೇ ತೂಗು ಹಾಕಿದರು. ನಡುವೆ ನಾವು, ಫೋನನ್ನು ನೀರಿನ ಚೆಂಬಿಗೆ ಆನಿಸಿ ಇಟ್ಟುಕೊಂಡವರು. ಮೂರು ಮನೆ, ಮೂರು ಯಂತ್ರ, ಒಂದೇ ಪೂಜೆ. ಆದರೆ ಮೊದಲ ಜಾಗಟೆ ನಮ್ಮ ಫೋನಿನಲ್ಲಿ, ಅದರ ಹಿಂದೆಯೇ ರಾಜುವಿನ ಕಡ್ಡಿಯಲ್ಲಿ, ಎಲ್ಲರದೂ ಆದಮೇಲೆ ಭಾವನ ದೊಡ್ಡ ಟಿವಿಯಲ್ಲಿ. ಗೋಡೆಯ ಮೇಲಿಂದ ಮೂರು ಹಾಡು ಒಂದರ ಬೆನ್ನಿಗೊಂದು ಬಿದ್ದು ಅಂಗಳದಲ್ಲಿ ಸಂತೆ ನೆರೆಯುತ್ತಿತ್ತು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ರಾಜುವಿನ ಕಡ್ಡಿ ನಡುನಡುವೆ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ಸ್ವಾಮಿಗಳ ಕೈ ಆರತಿಯ ಸಮೇತ ಗಾಳಿಯಲ್ಲಿ ನಿಲ್ಲುತ್ತಿತ್ತು. ಮತ್ತೆ ಶುರುವಾದಾಗ ನಿಂತಲ್ಲಿಂದಲೇ ಶುರು. ಮುಂದಕ್ಕೆ ಹಾರಿಸುವ ಗುಂಡಿ ಇತ್ತು, ಒತ್ತಿದರೆ ಎಲ್ಲರ ಜೊತೆ ಸೇರಿಕೊಳ್ಳಬಹುದಿತ್ತು. ನಮ್ಮ ಮಂದಿ ಒತ್ತುವವರಲ್ಲ. "ಪೂಜಿ ನಡುವ ಬಿಟ್ಟು ಏಳ್ತಾರೇನ್ರಿ ವೈನಿ? ಹಾರಸಿದ್ರ ಅದೂ ಅಷ್ಟೇ ಪಾಪ" ಎಂದ ರಾಜು, ಅತ್ತಿಗೆಯಾದ ನನಗೆ. ಹೀಗಾಗಿ ಅವನ ಮನೆಯ ಮಂಗಳಾರತಿ ಮುಗಿಯುವಾಗ ಓಣಿಯಲ್ಲಿ ಊಟ ಮುಗಿದು ಮಂದಿ ಎಲೆಯಡಿಕೆ ಹಾಕಿಕೊಂಡಿರುತ್ತಿದ್ದರು.

ಪಾಲಾದ ಮೇಲೆ ನಮ್ಮ ಜೊತೆಗೇ ಉಳಿದಿದ್ದ ಅತ್ತೆ ಕಾಯುತ್ತಿದ್ದರು. ತಾಟಿನ ಮುಂದೆ ಕೂತು, ಎರಡೂ ಗೋಡೆಗೆ ಕಿವಿ ಕೊಟ್ಟು ಕಾಯುತ್ತಿದ್ದರು. "ನಮ್ಮದು ಮುಗೀತಲ್ಲ, ಉಣ್ರಿ ಅತ್ತಿ" ಎಂದರೆ, "ನಮ್ಮದಂದ್ರ? ಮನಿ ಮೂರು ಮಾಡಿದವ್ರು ನೀವು, ನಾ ಅಲ್ಲ. ರಾಜೂಂದು ಮುಗೀಲಿ" ಎನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಗುಳಿಗೆ. ಗುಳಿಗೆಯನ್ನೇ ತಡವಾಗಿ ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಟ್ಟೆ. ಆದರೆ ಆ ಚಕ್ರ ಯಾವತ್ತು ಎಷ್ಟು ಹೊತ್ತು ತಿರುಗುತ್ತದೆ ಎಂದು ಆ ಶಿವನಿಗಾದರೂ ಗೊತ್ತಿತ್ತೋ ಇಲ್ಲವೋ. ಒಂದು ಸಂಜೆ ಅತ್ತೆಯ ಕೈ ನಡುಗಿತು, ಹಣೆ ಬೆವರಿತು, ಕೂತಲ್ಲೇ ನನ್ನ ಮೇಲೆ ವಾಲಿದರು. ಬಾಯಿಗೆ ಬೆಲ್ಲ ತುರುಕಿದೆ. ಡಾಕ್ಟರು ಬಂದು ಬೈದದ್ದು ನನ್ನನ್ನು. "ಗುಳಗಿ ಕೊಟ್ಟ್ ಮ್ಯಾಲ ಊಟಾ ತಡಾ ಮಾಡಿದ್ರ ಒಂದಿನ ಕೈ ಬಿಟ್ಟು ಹೋಗ್ತಾರ, ನೋಡ್ರಿ" ಎಂದರು. ಆ ರಾತ್ರಿ ನನಗೆ ಬಂದದ್ದು ಭಯವೋ ಸಿಟ್ಟೋ ಇವತ್ತಿಗೂ ಹೇಳಲಾರೆ. ಸಿಟ್ಟು ಎಂದೇ ಇಟ್ಟುಕೊಳ್ಳಿ, ಅದು ನನಗೆ ರೂಢಿಯಿದೆ.

ಮರುದಿನದಿಂದ ನಾನು ಯಂತ್ರಗಳ ಪರೀಕ್ಷೆಗೆ ಇಳಿದೆ. ಗಂಡಸರು ಅಂಗಡಿಗೆ ಹೋದ ಮೇಲೆ ರಾಜುವಿನ ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಭಾವನ ಮನೆಗೆ ಒಯ್ದೆ. ಹಿಂದಿನ ದಿನದ ಪೂಜೆ ಹಚ್ಚಿದರೆ ನೀರು ಹರಿದಂತೆ ಓಡಿತು. ಫೋನನ್ನು ರಾಜುವಿನ ಮನೆಗೆ ಒಯ್ದೆ, ಅಲ್ಲೂ ಓಡಿತು. ದೊಡ್ಡ ಟಿವಿಯನ್ನು ಹೊರುವುದಾಗಲಿಲ್ಲ, ಆದ್ದರಿಂದ ಅದರ ಮುಂದೆಯೇ ಕೂತು ನೋಡಿದೆ. ಚಿತ್ರ ಎಲ್ಲಕ್ಕಿಂತ ಚೆಂದ, ದನಿಯೂ ಗಟ್ಟಿ, ಆದರೆ ಗುಂಡಿ ಒತ್ತಿದ ಮೇಲೆ ಯೋಚನೆ ಮಾಡಿ ಏಳುವ ಗುಣ. ಒಟ್ಟಿನಲ್ಲಿ ಮೂರೂ ಪಾಸು. ಬೀಗುತ್ತ ಸಂಜೆಗೆ ಕಾದೆ. ಸಂಜೆ ಜಾಗಟೆ ಮೊಳಗಿತು, ಕಡ್ಡಿ ಹಾಡಿನ ಎರಡನೇ ಸಾಲಿಗೇ ನಿಂತಿತು.

ಉದಗೀರದಲ್ಲಿ ನನ್ನ ತಮ್ಮನದು ಟಿವಿ ರಿಪೇರಿ ಅಂಗಡಿ. ಅವನಿಗೆ ಫೋನು ಮಾಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ಮಧ್ಯಾನದಾಗ ಒಂದೊಂದೇ ಹಚ್ಚಿ ನೋಡಿದ್ರ ಎಲ್ಲಾ ಶಾಣ್ಯಾನೇ. ಸಂಜಿಕ ಮೂರೂ ಕೂಡಿ ಒಂದೇ ಲೈನ್ ಜಗ್ಗತಾವ. ಯಾವದಕ್ಕ ಕಸುವು ಇಲ್ಲೋ ಅದು ನಿಂದರ್ತದ. ಒಂದೊಂದು ಮನಿಗಿ ಒಂದೊಂದು ಲೈನ್ ತಗೋರಿ."

"ತಗೊಂಡ್ರ ಮೂರೂ ಕೂಡೇ ಬರ್ತಾವೇನು?"

"ನಿಂದರೋದು ಕಡಿಮಿ ಆಗ್ತದ. ಕೂಡಂಗಿಲ್ಲ. ಲೈವ್ ಅಂಬೋದು ಬರೀ ಹೆಸ್ರು ಅಕ್ಕಾ. ಫೋನಿಂದು ಒಂದ್ ತಡಾ, ಕಡ್ಡೀದು ಒಂದ್ ತಡಾ, ಟಿವೀದು ಒಂದ್ ತಡಾ. ಮಠದಾಗ ಆರತಿ ಮುಗಿದು ಪ್ರಸಾದ ಹಂಚತಿರ್ತಾರ, ನೀವಿಲ್ಲಿ ಕೈ ಮುಗೀತಿರ್ತೀರಿ."

ಭಾವನಿಗೆ ಹೇಳಿದೆ, ಚಿತ್ರವನ್ನು ಸ್ವಲ್ಪ ತೆಳುವು ಮಾಡಿದರೆ ರಾಜುವಿಗೂ ಒಂದಿಷ್ಟು ಲೈನ್ ಸಿಗುತ್ತದಂತೆ ಎಂದು. "ದೇವ್ರ ಮಾರಿ ಮಸಕ ನೋಡಂತೀ ಏನವಾ?" ಎಂದರು. ತಮ್ಮ ಟಿವಿ ಎಲ್ಲಕ್ಕಿಂತ ಹಿಂದೆ ಎಂಬ ಸುದ್ದಿಯಂತೂ ಅವರಿಗೆ ಜೀರ್ಣವಾಗಲೇ ಇಲ್ಲ. ರಾಜು ಇದನ್ನು ಕೇಳಿ, "ದೊಡ್ಡವ್ರದು ಎಲ್ಲಾ ಹಂಗೇ, ಸಾವಕಾಶ ತಿಳೀತದ ಅಂತ ಹೇಳ್ರಿ ವೈನಿ" ಎಂದ. ನಾನು ಹೇಳಲಿಲ್ಲ, ಅಂಚೆಗೂ ಒಂದು ಮರ್ಯಾದೆ ಇದೆ. ಕೊನೆಗೆ ಮೂರು ಲೈನ್ ಹಾಕಿಸುವ ಮಾತನ್ನು ಅತ್ತೆಯ ಮುಂದೆ ತೆಗೆದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಬ್ಯಾಡವಾ. ಮನ್ಯಾಗ ಪಾಲಾಗದ್ದು ಆ ಲೈನ್ ಒಂದೇ ಉಳದದ. ಅದಾದ್ರೂ ಕೂಡಿ ಇರ್ಲಿ."

ಅಳು ಬರುವಂತಾದಾಗ ನಾನು ಜೋರಾಗಿ ಮಾತಾಡುವವಳು. "ಅವು ಜನ್ಮದಾಗ ಕೂಡಂಗಿಲ್ಲಂತ ಅತ್ತಿ! ನೀವು ಹಿಂಗೇ ಕಾಯ್ಕೋತ ಕೂತ್ರ ನಮ್ಮ ಕೈಯಾಗ ಉಳಿಯಂಗಿಲ್ಲ!" ಎಂದು ಕೂಗಿಬಿಟ್ಟೆ. ಎರಡೂ ಗೋಡೆಯ ಆಚೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತರು.

"ಎಲ್ಲಾರೂ ಟಿವಿ ದನಿ ಬಂದ್ ಮಾಡ್ರಿ" ಎಂದರು ಗಟ್ಟಿಯಾಗಿ. "ಚಿತ್ರ ಯಾವಾಗರೆ ಬರ್ಲಿ, ನಿಂದ್ರಲಿ, ಓಡ್ಲಿ. ಹಾಡಾ ನಾ ಅಂತೀನಿ. ನನ್ನ ಹಿಂದ ಅನ್ರಿ."

ಆ ಸಂಜೆ ಮೂರು ಮನೆಯಲ್ಲೂ ಸ್ವಾಮಿಗಳು ಮೂಕರಾಗಿ ಆರತಿ ಬೆಳಗಿದರು. ನಡುವಿನ ಅಂಗಳದಿಂದ ಅತ್ತೆ ಹಾಡು ಎತ್ತಿದರು. ದನಿ ಒಡೆದಿತ್ತು, ಆದರೆ ಎಲ್ಲಿಯೂ ಚಕ್ರ ತಿರುಗಲಿಲ್ಲ. ಮೊದಲು ನಾನು, ಆಮೇಲೆ ಎರಡೂ ಕಡೆಯ ಹೆಂಗಸರು, ಮಕ್ಕಳು ಸೇರಿಕೊಂಡೆವು. ಗಂಡಸರದು ಮಾತ್ರ ದನಿಯಿಲ್ಲ. ಮೂರನೆಯ ನುಡಿಗೆ ಅತ್ತೆಗೆ ಉಸಿರು ಸಾಲದೆ ಹಾಡು ತುಂಡಾಯಿತು. ನಾವೆಲ್ಲ ಅವರ ಹಿಂದೆ ಹೇಳುವವರು, ಮುಂದೆ ಒಯ್ಯುವುದು ಯಾರಿಗೂ ತೋಚಲಿಲ್ಲ. ಆಗ ಆ ಕಡೆಯಿಂದ ಭಾವನ ದಪ್ಪ ದನಿ ಸಾಲನ್ನು ಎತ್ತಿಕೊಂಡಿತು. ಸಾಲು ಮುಗಿಯುವಷ್ಟರಲ್ಲಿ ಈ ಕಡೆಯಿಂದ ರಾಜುವಿನ ತಾಳ ಬಿತ್ತು. ಪಾಲಾದ ಮೇಲೆ ಆ ತಾಳವನ್ನು ನಾನು ಕೇಳಿದ್ದು ಅದೇ ಮೊದಲು. ಮೂರೂ ಮನೆಯ ಮಂಗಳಾರತಿ ಒಂದೇ ಸಲಕ್ಕೆ ಮುಗಿಯಿತು. ಅತ್ತೆ ಬಿಸಿ ರೊಟ್ಟಿ ಉಂಡರು, ನಾನು ಒಲೆಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಮರುದಿನವೇ ಭಾವ ಗೋಡೆಯ ಮೇಲಿಂದ, "ಏಯ್, ತಾಳಾ ಯಾಕ ಓಡಸ್ತಿ?" ಎಂದು ಗದರಿದರು. "ನೀ ಎಳಿತೀದಿ, ನಾ ಓಡಸಾಂಗಿಲ್ಲ!" ಎಂದು ರಾಜು ತಿರುಗಿ ಕೂಗಿದ. ನಡುವೆ ನಿಂತ ನನ್ನ ಅಂಚೆಗೆ ಕೆಲಸವೇ ಉಳಿಯಲಿಲ್ಲ. ಆ ಜಗಳ ಈಗಲೂ ನಡೆದಿದೆ. ಗೋಡೆಗಳೂ ಇವೆ. ರಾಜು ಇನ್ನೂ ಆ ಕೋಣೆಯ ಹೊಸ್ತಿಲು ತುಳಿದಿಲ್ಲ. ಆದರೂ ನಾನು ಆಸೆ ಬಿಟ್ಟಿಲ್ಲ, ಅದಕ್ಕೆ ಕಾರಣವಿದೆ.

ಇದನ್ನು ಬರೆಯಲು ಕೂತ ಈ ಸಂಜೆ ರಾಜು ನಿಲಂಗಾಕ್ಕೆ ಹೋದವನು ಇನ್ನೂ ಮರಳಿಲ್ಲ. ಬಸ್ಸು ಎಲ್ಲೋ ತಡವಾಗಿದೆ. ಹೊತ್ತಾಯಿತು, ಹಾಡು ಶುರುವಾಗಬೇಕು. ಗೋಡೆಯಾಚೆಯಿಂದ ಭಾವ ಕೇಳಿದರು, "ರಾಜು ಬಂದಾನೇನು?"

"ಇನ್ನಾ ಬಂದಿಲ್ರಿ ಭಾವ" ಎಂದೆ. "ನೀವು ಶುರು ಮಾಡ್ರಿ."

"ಬ್ಯಾಡ, ಅಂವಾ ಬರ್ಲಿ. ತಡೀತೀನಿ."

ನಾನು ಅತ್ತೆಯ ಗುಳಿಗೆಯನ್ನು ಎತ್ತಿ ಇಡಲು ಹೋದೆ, ಇನ್ನು ಅದೂ ಕಾಯಬೇಕಲ್ಲ ಎಂದು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನುಂಗಿ, ತಾಟನ್ನು ಹತ್ತಿರ ಎಳೆದುಕೊಂಡರು.

"ಆರತಿ ಆಗಿಲ್ಲಲ್ಲ ಅತ್ತಿ?"

"ಇಷ್ಟ್ ವರ್ಷ ನಾ ಒಬ್ಬಾಕಿನೇ ಕಾದೆ" ಎಂದರು ಅತ್ತೆ. "ಈಗ ಕಾಯಾಕ ನನ್ನ ಹಿರೀ ಮಗಾ ಬಂದಾನ. ನನಗ ರೊಟ್ಟಿ ಹಾಕು."