ಗೋದಾಬಾಯಿಯವರು ತುಂಬದೆ ಬಿಟ್ಟ ದನಿ

ವಾದ್ಯವೃಂದವೆಂದರೆ ಮದುವೆಯ ಬ್ಯಾಂಡೆಂದೇ ತಿಳಿದಿದ್ದ ಪುಣೆಯ ನಮ್ಮ ಕನ್ನಡ ಮನೆಗಳಿಂದ ಹುಡುಗ ಹುಡುಗಿಯರನ್ನು ಹುಡುಕಿ ತಂದು, ಕೈಗೆ ಪಿಟೀಲು, ಚೆಲ್ಲೋ ಕೊಟ್ಟು, ಒಂದೇ ಉಸಿರಿನಲ್ಲಿ ನುಡಿಸುವಂತೆ ಮಾಡಿದವರು ಶ್ರೀಮತಿ ಗೋದಾ ಜಾಲಿಹಾಳ ಅವರು. ಈ ವರ್ಷ ಸಂಗೀತಶಾಲೆಯಿಂದ ನಿವೃತ್ತರಾಗುತ್ತಿರುವ ಅವರು ಶ್ರುತಿ ತುಸು ಜಾರಿದರೂ ಗದರುವವರು. ಲೋಣಾವಳಾದಿಂದ ಲೋಕಲ್ ರೈಲು ಹಿಡಿದು ಮಳೆಯಲ್ಲಿ ನೆನೆದು ಬಂದವರಿಗೆ ಬಿಸಿ ಉಪ್ಪಿಟ್ಟು ಕಟ್ಟಿ ತರುವವರೂ ಅವರೇ.

ಅವರನ್ನು ವರ್ಷಗಟ್ಟಲೆ ಕಾಡಿದ್ದು ಒಂದೇ ಹಂಬಲ. ತಂದೆ ಶ್ಯಾಮರಾಯರು ತುರ್ತುಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದಾಗ, ವಾದ್ಯವಿಲ್ಲದೆ, ಕಾಗದವಿಲ್ಲದೆ ಒಂದು ಕೃತಿಯನ್ನು ರಚಿಸಿ, ಅದರ ಒಂದೊಂದು ದನಿಯನ್ನು ಒಬ್ಬೊಬ್ಬ ಜೊತೆಗಾರನ ಗಂಟಲಿಗೆ ಒಪ್ಪಿಸಿದ್ದರು. ಬಿಡುಗಡೆಯ ನಂತರ ದನಿಗಳೆಲ್ಲ ದಿಕ್ಕಾಪಾಲಾದವು, ರಾಯರೂ ತೀರಿಕೊಂಡರು. ಗೋದಾಬಾಯಿಯವರು ಬೆಳಗಾವಿ, ಧಾರವಾಡ ಸುತ್ತಿ, ಈಗ ಹಿರಿಯರಾಗಿದ್ದ ಆ ಜೊತೆಗಾರರ ಮುಂದೆ ಕುಳಿತು ಎಲ್ಲವನ್ನೂ ಕೂಡಿಸಿದರು. ಮುಖ್ಯ ದನಿಯೊಂದೇ ಸಿಗದೆ ಉಳಿಯಿತು. ಅದು ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಮನೆಯಲ್ಲಿದ್ದ ಇನ್ನೊಬ್ಬ ಜೊತೆಗಾರ ಸಿದ್ರಾಮಪ್ಪನವರ ಬಳಿ ಇತ್ತು.

“ನಾ ಕ್ಷಮಾಪತ್ರಕ್ಕ ಸಹಿ ಮಾಡಿ ಮದ್ಲ ಹೊರಗ ಬಂದಾಂವ, ಬಾಯಾರ. ನಿಮ್ಮ ಅಪ್ಪಾರು ಒಳಗ ಉಳದ್ರು. ಅದನ್ನ ಹಾಡೂ ಹಕ್ಕ ನನಗಿಲ್ರಿ,” ಎಂದರು ಅವರು.

“ನೀವು ಬರೂತನಾ ಆ ಜಾಗಾ ಖಾಲಿನ ಇರ್ತದ್ರಿ, ಕಾಕಾ,” ಎಂದು ಗೋದಾಬಾಯಿಯವರು ಚಹಾ ಮುಗಿಸಿ ಎದ್ದುಬಂದರು.

ಕಳೆದ ಚಳಿಗಾಲದಲ್ಲಿ ಆ ಕೃತಿಯನ್ನು ನುಡಿಸುವ ಕಾರ್ಯಕ್ರಮ ನಿಶ್ಚಯವಾದಾಗ, ಆ ದನಿಯನ್ನು ನೀವೇ ಕಟ್ಟಿಬಿಡಿ, ಯಾರಿಗೆ ತಿಳಿಯುತ್ತದೆ ಎಂದು ವಾದಕರಾದ ನಾವೆಲ್ಲ ಗಂಟುಬಿದ್ದೆವು. ಅಪ್ಪನ ಕೃತಿ ಊನವಾಗಿಯೇ ಜನರೆದುರು ಹೋಗುತ್ತದಲ್ಲ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಆದರೂ ಒಪ್ಪಲಿಲ್ಲ.

ಆ ಸಂಜೆ ಸಭಾಗೃಹ ತುಂಬಿತ್ತು. ಮುಖ್ಯ ದನಿಯ ಆ ಭಾಗ ಬಂದಾಗ ಇಡೀ ವೃಂದ ಬರಿಯ ಆಧಾರಶ್ರುತಿ ಹಿಡಿದು ನಿಂತಿತು. ಏನೋ ತಪ್ಪಾಯಿತೆಂದು ಜನ ಪಿಸುಗುಟ್ಟಿದರು. ಆಗ ಸಭಿಕರ ಹಿಂದಿನ ಸಾಲಿನಿಂದ ಮುದಿದನಿಯೊಂದು ಎದ್ದಿತು, ನಡುಗಿತು, ಮತ್ತೆ ಹಿಡಿದುಕೊಂಡಿತು. ಸಭೆಗೆ ಬೆನ್ನು ಮಾಡಿ ವೃಂದವನ್ನು ನಡೆಸುತ್ತಿದ್ದ ಗೋದಾಬಾಯಿಯವರಿಗೆ ಅದು ಯಾರದೆಂದು ತಿಳಿಯಿತು. ತಿರುಗಿ ನೋಡಿದರೆ ಸಿದ್ರಾಮಪ್ಪನವರಿಗೆ ಸಂಕೋಚವಾದೀತೆಂದು ತಿರುಗಲಿಲ್ಲ. ಎಡಗೈಯನ್ನಷ್ಟೇ ಬೆನ್ನ ಹಿಂದೆ ಚಾಚಿ, ಬೆರಳಾಡಿಸಿ, ಆ ದನಿಯನ್ನು ಕೊನೆಯವರೆಗೂ ನಡೆಸಿದರು. ಅವರ ಕೆನ್ನೆ ಒದ್ದೆಯಾದುದು ವೇದಿಕೆಯ ಮೇಲಿದ್ದ ನಮಗೆ ಮಾತ್ರ ಕಂಡಿತು.

ಶಾಲೆಯ ನೌಕರಿ ಮುಗಿದರೂ ಅವರ ಕೆಲಸ ಮುಗಿಯದಿರಲಿ, ಆರೋಗ್ಯ ಜೊತೆಗಿರಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ. ಆದರೆ ಅಂದು ಕಾರ್ಯಕ್ರಮ ಮುಗಿದ ಮೇಲೆ ಸಿದ್ರಾಮಪ್ಪನವರು ಅವರ ಕೈ ಹಿಡಿದು ಹಾರೈಸಿದ ಹಾಗೆ ಹಾರೈಸಲು ನಮಗೆ ಬಾರದು:

“ನಿಮ್ಮ ಅಪ್ಪಾರ ಮುಂದ ಹೋಗಿ ನಿಂದ್ರಾಕ ನನಗಿನ್ನ ಅಂಜಿಕಿ ಇಲ್ರಿ, ಬಾಯಾರ. ನೀವು ಮಾತ್ರ ಅಲ್ಲಿಗೆ ಭಾಳ ತಡಾ ಮಾಡಿ ಬರ್ರಿ.”